ಎರೆನೆಲದ ದಾರಿಯಲ್ಲಿ ಸಣ್ಣ ಕಾರಿನ ‘ಆವರೇಜ್’

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದಲ್ಲಿ ಕಾರೊಂದರ ಗುಣವನ್ನು ವಿಚಾರಿಸುವವರು ಮೊದಲು ಕೇಳುವುದು ಅದರ ‘ಆವರೇಜ್’ ಎಷ್ಟು ಎಂಬುದನ್ನು. ಬೆಂಗಳೂರು, ಮೈಸೂರು ಕಡೆಯವರು ‘ಮೈಲೇಜ್’ ಎನ್ನುವುದನ್ನೇ, ಅಂದರೆ ಒಂದು ಲೀಟರ್ ಇಂಧನಕ್ಕೆ ಗಾಡಿ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬ ಲೆಕ್ಕವನ್ನೇ, ಗಡಿಯಾಚೆಯ ಸೊಲ್ಲಾಪುರದ ಮರಾಠಿಯಂತೆ ಇಲ್ಲಿಯ ಕನ್ನಡವೂ ಆವರೇಜ್ ಎಂದು ಕರೆಯುತ್ತದೆ. ಮೈಲಿಗಲ್ಲುಗಳು ಕಿಲೋಮೀಟರಿಗೆ ಬದಲಾಗಿ ದಶಕಗಳೇ ಕಳೆದ ಮೇಲೂ ಉಳಿದುಕೊಂಡಿರುವ ಮೈಲೇಜ್ ಎಂಬ ಪದಕ್ಕಿಂತ ಈ ಪದವೇ ವಿಷಯಕ್ಕೆ ಹೆಚ್ಚು ಹತ್ತಿರವಾಗಿದೆ. ಏಕೆಂದರೆ ಒಂದೇ ಕಾರು ಡಾಂಬರು ರಸ್ತೆಯಲ್ಲಿ ಒಂದು ಅಂಕಿಯನ್ನು, ಹೊಲದ ದಾರಿಯಲ್ಲಿ ಇನ್ನೊಂದನ್ನು, ಜಾತ್ರೆಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೊರಟ ದಿನ ಮತ್ತೊಂದನ್ನು ಕೊಡುತ್ತದೆ, ಮಾಲೀಕನ ಕಿಸೆಗೆ ತಾಗುವುದು ಇವೆಲ್ಲದರ ಸರಾಸರಿ. ಇದರ ಬೆನ್ನಿಗೇ ಬರುವ ಎರಡನೆಯ ಪ್ರಶ್ನೆ, ಗಾಡಿ ನಡುದಾರಿಯಲ್ಲಿ ಕೈಕೊಡುತ್ತದೆಯೇ ಎಂಬುದು. ಈ ಎರಡೂ ಪ್ರಶ್ನೆಗಳಿಗೆ ಈ ಭಾಗದಲ್ಲಿ ಕಾರು ಕೊಳ್ಳುವ ಬಹುಪಾಲು ಮನೆಗಳು ಕಂಡುಕೊಂಡ ಉತ್ತರ ಸಣ್ಣ ಕಾರು. ಆದರೆ ಆ ಉತ್ತರದ ಅರ್ಧ ಮಾತ್ರ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಉಳಿದರ್ಧ ಇಲ್ಲಿಯ ರಸ್ತೆಯಲ್ಲಿ, ಗ್ಯಾರೇಜಿನಲ್ಲಿ, ಮಾಲೀಕನ ರೂಢಿಯಲ್ಲಿ ತಯಾರಾಗುತ್ತದೆ.

ಇಂಡಿ ತಾಲ್ಲೂಕಿನ ತಾಂಬಾ ಇಂಥ ಒಂದು ದೊಡ್ಡ ಹಳ್ಳಿ. ಸುತ್ತಲೂ ಎರೆಭೂಮಿ, ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಮುಂಗಾರಿನಲ್ಲಿ ತೊಗರಿ, ನೀರಿದ್ದ ಕಡೆ ಲಿಂಬೆ, ಕಬ್ಬು. ಸೊಲ್ಲಾಪುರದ ಬಳಿಯ ಹೊಟಗಿಯಿಂದ ಗದಗಕ್ಕೆ ಹೋಗುವ ರೈಲುಮಾರ್ಗ ಹತ್ತೊಂಬತ್ತನೆಯ ಶತಮಾನದಲ್ಲೇ ಈ ಜಿಲ್ಲೆಯನ್ನು ಹಾದುಹೋದರೂ ಇಂಡಿಯ ನಿಲ್ದಾಣ ಪಟ್ಟಣದಿಂದ ದೂರ ಉಳಿದು ‘ಇಂಡಿ ರೋಡ್’ ಎಂಬ ಹೆಸರು ಪಡೆಯಿತು. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗಂತೂ ರೈಲು ಬರಲೇ ಇಲ್ಲ. ಆದ್ದರಿಂದ ಇಲ್ಲಿಯ ಓಡಾಟವೆಲ್ಲ ರಸ್ತೆಯದು: ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು, ಊರಿಂದೂರಿಗೆ ಮಂದಿಯನ್ನು ಒಯ್ಯುವ ಟಂಟಂ ಮತ್ತು ಕ್ರೂಸರ್, ಮೋಟರ್‌ಸೈಕಲ್ಲು. ಇವುಗಳ ವೇಳೆ ಮುಗಿದ ಮೇಲೆ ಬರುವ ಅಗತ್ಯಗಳಿಗೆ, ಅಂದರೆ ರಾತ್ರಿ ಹೆರಿಗೆನೋವು ಶುರುವಾದಾಗ, ಹಿರಿಯರ ಎದೆನೋವಿಗೆ ವಿಜಯಪುರದ ಅಥವಾ ಸೊಲ್ಲಾಪುರದ ಆಸ್ಪತ್ರೆ ಮುಟ್ಟಬೇಕಾದಾಗ, ಮನೆಯ ಮುಂದೆ ನಿಂತ ಸಣ್ಣ ಕಾರೇ ಆಸರೆ, ಅದು ಮನೆಗಷ್ಟೇ ಅಲ್ಲ, ಓಣಿಗೂ. ಖಾತ್ರಿಯ ಗಾಡಿ ಎಂಬ ಮಾತಿಗೆ ಇಲ್ಲಿ ಇರುವ ಅರ್ಥವನ್ನು ಈ ಹಿನ್ನೆಲೆಯಲ್ಲಿ ತಿಳಿಯಬೇಕು: ಕೀಲಿ ತಿರುಗಿಸಿದ ಮೊದಲ ಸಲಕ್ಕೇ ಹೊತ್ತಿಕೊಳ್ಳುವ ಎಂಜಿನ್, ಎಲ್ಲಿಯೂ ನಿಲ್ಲದೆ ನೂರು ಕಿಲೋಮೀಟರ್ ದಾಟಿಸುವ ಗಾಡಿ.

‘ಸಣ್ಣ ಕಾರು’ ಎಂಬುದು ಆಡುಮಾತಿನ ಪದವಾದರೂ ಸರ್ಕಾರದ ತೆರಿಗೆ ಲೆಕ್ಕದಲ್ಲಿ ಅದಕ್ಕೆ ಖಚಿತವಾದ ಅಳತೆಯಿದೆ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಒಳಗಿನ ಉದ್ದವಿದ್ದು, ಪೆಟ್ರೋಲ್ ಎಂಜಿನ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರದ ಕಾರುಗಳ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಲಾಯಿತು. ಸಿಸಿ ಎಂದರೆ ಎಂಜಿನ್ನಿನ ಸಿಲಿಂಡರುಗಳ ಒಳಗೆ ಪಿಸ್ಟನ್ ಮೇಲೆ ಕೆಳಗೆ ಆಡುವ ಜಾಗದ ಒಟ್ಟು ಗಾತ್ರ, ಘನ ಸೆಂಟಿಮೀಟರುಗಳಲ್ಲಿ. ಅಂದಿನಿಂದ ಭಾರತದ ಕಾರು ತಯಾರಕರು ನಾಲ್ಕು ಮೀಟರಿನ ಗೆರೆಯನ್ನು ದಾಟದಂತೆ ಕಾರುಗಳನ್ನು ರೂಪಿಸತೊಡಗಿದರು, ಡಿಕ್ಕಿಯುಳ್ಳ ಸೆಡಾನ್ ಕಾರಿನ ಬಾಲವನ್ನೂ ಮೊಟಕುಗೊಳಿಸಿದರು. 2025ರ ಸೆಪ್ಟೆಂಬರ್ 22ರಿಂದ ಇದೇ ಅಳತೆಯ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದು, ಅದರ ಮೇಲಿದ್ದ ಉಪಕರವೂ ಹೋದ ಕಾರಣ, ಹೊಸ ಸಣ್ಣ ಕಾರು ಕೊಳ್ಳುವ ಮಾತು ಹಳ್ಳಿಗಳಲ್ಲಿ ಮತ್ತೆ ಚಿಗುರಿತು.

ಈ ಕಾರಿನ ಮೂಲಪುರುಷ ಮಾರುತಿ 800. ಸುಜುಕಿ ಕಂಪನಿಯ ಸಹಯೋಗದಲ್ಲಿ ಆಗಿನ ಮಾರುತಿ ಉದ್ಯೋಗ್ ತಯಾರಿಸಿದ ಈ ಕಾರಿನ ಮೊದಲ ಕೀಲಿಯನ್ನು 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಹಸ್ತಾಂತರಿಸಿದರು. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಹೊತ್ತ ಇದರ ತೂಕ ಸುಮಾರು 650 ಕಿಲೋ. ಅದಕ್ಕೆ ಮೊದಲು ರಸ್ತೆಯನ್ನು ಆಳುತ್ತಿದ್ದ ಅಂಬಾಸಡರ್ ಸಾವಿರ ಕಿಲೋಗಿಂತ ಭಾರವಾಗಿತ್ತು. 2000ದಲ್ಲಿ ಬಂದ ಆಲ್ಟೊ ಅದೇ ಗಾತ್ರದ ಎಂಜಿನ್ನನ್ನು ಸುಧಾರಿಸಿಕೊಂಡು ಮುಂದುವರಿಯಿತು, 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು, 2020ರ ಹೊತ್ತಿಗೆ ಆಲ್ಟೊ ಮಾರಾಟ 40 ಲಕ್ಷ ದಾಟಿತು. 1999ರ ಕೊನೆಗೆ ಬಂದ ವ್ಯಾಗನಾರ್ ಇನ್ನೊಂದು ದಾರಿ ಹಿಡಿಯಿತು: ಉದ್ದ, ಅಗಲ ಹೆಚ್ಚಿಸದೆ ಎತ್ತರ ಹೆಚ್ಚಿಸಿತು. ಮೊಣಕಾಲು ನೋವಿನ ಹಿರಿಯರು ಬಗ್ಗಿ ಕುಕ್ಕರಿಸದೆ, ಮನೆಯ ಹೊರಸಿನ ಮೇಲೆ ಕೂತಷ್ಟೇ ಸಲೀಸಾಗಿ ಹತ್ತಿ ಇಳಿಯಬಹುದಾದ, ತಲೆಗೆ ಪಟಗಾ ಸುತ್ತಿದವರಿಗೂ ಸೂರು ತಾಗದ ಈ ರಚನೆ ವಿಜಯಪುರದಂಥ ಸೀಮೆಗೆಂದೇ ಮಾಡಿದಂತಿದೆ. ನಗರದ ವಿಮರ್ಶಕರು ಇದರ ಡಬ್ಬಿಯಾಕಾರವನ್ನು ಎಷ್ಟೇ ಆಕ್ಷೇಪಿಸಿದರೂ 2023ರ ಮೇ ತಿಂಗಳ ಹೊತ್ತಿಗೆ 30 ಲಕ್ಷ ವ್ಯಾಗನಾರ್‌ಗಳು ಮಾರಾಟವಾಗಿದ್ದವು.

ಹಗುರತನಕ್ಕೂ ಇಂಧನ ಉಳಿತಾಯಕ್ಕೂ ಇರುವ ನಂಟನ್ನು ಈ ಸೀಮೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯ ಕಿಲಾರಿ ಎತ್ತು ದಪ್ಪ ಮೈಯ ಜಾನುವಾರಲ್ಲ. ಬರದ ನೆಲದಲ್ಲಿ ಸಿಕ್ಕಷ್ಟು ಕಣಿಕೆ ಮೇಯ್ದು, ಬಿಸಿಲಲ್ಲಿ ಚುರುಕಾಗಿ ಹೆಜ್ಜೆ ಹಾಕುವ ಬಿಗಿಮೈಯ ತಳಿ ಅದು. ಸಂಕ್ರಾಂತಿಯಲ್ಲಿ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನಗಳ ಸಂತೆಯಲ್ಲಿ ಹಲ್ಲು, ಸುಳಿ, ನಡಿಗೆಗಳನ್ನು ಪರೀಕ್ಷಿಸಿ ಎತ್ತು ಕೊಳ್ಳುತ್ತಿದ್ದ ಮನೆತನಗಳೇ ಇಂದು ಅದೇ ಎಚ್ಚರದಿಂದ ಕಾರು ಕೊಳ್ಳುತ್ತಿವೆ. ಗಾಡಿ ನಿಂತಲ್ಲಿಂದ ಹೊರಡುವಾಗಲೂ ದಿಬ್ಬ ಏರುವಾಗಲೂ ಎಂಜಿನ್ನಿಗೆ ಬೇಕಾಗುವ ಶಕ್ತಿ ತೂಕವನ್ನು ಅವಲಂಬಿಸಿರುತ್ತದೆ, ಬ್ರೇಕ್ ಒತ್ತಿದಾಗ ಆ ಶಕ್ತಿಯೆಲ್ಲ ಶಾಖವಾಗಿ ಗಾಳಿಗೆ ಹೋಗುತ್ತದೆ. ಹೀಗಾಗಿ ತೂಕ ಕಡಿಮೆಯಾದಷ್ಟೂ ಪ್ರತಿ ನಿಲುಗಡೆಯಲ್ಲಿ ಕಳೆದುಹೋಗುವ ಇಂಧನವೂ ಕಡಿಮೆ. ನಾಲ್ಕರ ಬದಲು ಮೂರೇ ಸಿಲಿಂಡರ್ ಇರುವುದರಿಂದ ಒಳಗೆ ಒಂದಕ್ಕೊಂದು ಉಜ್ಜಿಕೊಳ್ಳುವ ಭಾಗಗಳು ಕಡಿಮೆಯಾಗಿ ಘರ್ಷಣೆಯೂ ತಗ್ಗುತ್ತದೆ. ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿರುವ ಗಳಿಗೆಯಲ್ಲಿ ಕೊಂಚ ನಡುಗುವುದು ಈ ಉಳಿತಾಯಕ್ಕೆ ತೆರುವ ಬೆಲೆ, ಹೊಸ ಮಾಲೀಕರು ಇದನ್ನು ರೋಗವೆಂದು ತಿಳಿದು ಗ್ಯಾರೇಜಿಗೆ ಓಡುವುದೂ ಉಂಟು.

ಕಂಪನಿಯ ಕೈಪಿಡಿಯಲ್ಲಿ ಅಚ್ಚಾಗುವ ಅಂಕಿಗೂ ತಾಂಬಾದ ಮಾಲೀಕ ಕಾಣುವ ಅಂಕಿಗೂ ನಡುವಿನ ಅಂತರವೇ ಕಾರಿನ ಬಗೆಗಿನ ಹೆಚ್ಚಿನ ಅಸಮಾಧಾನಗಳಿಗೆ ಮೂಲ. 2022ರಲ್ಲಿ ಬಂದ ಆಲ್ಟೊ ಕೆ10ಗೆ ಲೀಟರಿಗೆ 24.39 ಕಿಲೋಮೀಟರ್ ಎಂಬ ಅಧಿಕೃತ ಅಂಕಿಯಿದೆ. ಇಂಥ ಅಂಕಿಗಳನ್ನು ಪುಣೆಯ ಎಆರ್‌ಎಐ, ಅಂದರೆ ಭಾರತೀಯ ವಾಹನ ಸಂಶೋಧನಾ ಸಂಘದಂಥ ಮಾನ್ಯ ಸಂಸ್ಥೆಗಳು ಪ್ರಯೋಗಾಲಯದಲ್ಲಿ ನಿರ್ಧರಿಸುತ್ತವೆ. ಕಾರನ್ನು ಉರುಳುವ ಲೋಹದ ಉರುಳೆಗಳ ಮೇಲೆ ನಿಲ್ಲಿಸಿ, ‘ಪರಿಷ್ಕೃತ ಭಾರತೀಯ ಚಾಲನಾ ಚಕ್ರ’ ಎಂಬ ನಿಗದಿತ ವೇಗಪಟ್ಟಿಯಂತೆ ಸುಮಾರು ಇಪ್ಪತ್ತು ನಿಮಿಷ, ಹತ್ತು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ ಓಡಿಸಲಾಗುತ್ತದೆ. ಪೆಟ್ರೋಲನ್ನು ಅಳೆಯುವ ಬದಲು ಹೊಗೆಕೊಳವೆಯಿಂದ ಹೊರಬಂದ ಇಂಗಾಲದ ಪ್ರಮಾಣವನ್ನು ಅಳೆದು, ಅಷ್ಟು ಇಂಗಾಲ ಎಷ್ಟು ಪೆಟ್ರೋಲಿನಿಂದ ಬಂದಿರಬೇಕೆಂದು ಲೆಕ್ಕ ಹಾಕಲಾಗುತ್ತದೆ. ಆ ಓಟದ ಸರಾಸರಿ ವೇಗ ಗಂಟೆಗೆ 32 ಕಿಲೋಮೀಟರಿನ ಆಸುಪಾಸು, ಗರಿಷ್ಠ ವೇಗ 90. ಅಲ್ಲಿ ಎದುರುಗಾಳಿ ಇಲ್ಲ, ತಗ್ಗು ದಿನ್ನೆ ಇಲ್ಲ, ಎಸಿ ಹಾಕುವುದಿಲ್ಲ, ಹಿಂದಿನ ಸೀಟಿನಲ್ಲಿ ಬೀಗರಿಲ್ಲ. ಈ ಪರೀಕ್ಷೆಯಲ್ಲಿ ಮೋಸವಿದೆ ಎಂದು ಭಾವಿಸಬೇಕಾಗಿಲ್ಲ. ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಎಲ್ಲರಿಗೂ ಒಂದೇ ತಕ್ಕಡಿ ಬೇಕು, ಆ ತಕ್ಕಡಿ ಇದು. ಆದರೆ ಅದನ್ನೇ ಮನೆಯ ತಿಂಗಳ ಖರ್ಚಿನ ಲೆಕ್ಕಕ್ಕೆ ಬಳಸಿದರೆ ಕೈ ಸುಡುತ್ತದೆ. ಅಧಿಕೃತ ಅಂಕಿಯಿಂದ ಐದನೆಯ ಒಂದು ಪಾಲನ್ನಾದರೂ ಮೊದಲೇ ಕಳೆದು ಯೋಚಿಸುವುದು ವಿವೇಕ.

ಸ್ವಂತ ಗಾಡಿಯ ನಿಜವಾದ ಆವರೇಜ್ ತಿಳಿಯಲು ಅನುಭವಿ ಮಾಲೀಕರು ಅನುಸರಿಸುವುದು ‘ಫುಲ್ ಟ್ಯಾಂಕ್’ ಪದ್ಧತಿ. ಪಂಪಿನಲ್ಲಿ ನಳಿಗೆ ತಾನಾಗಿ ಮೊದಲ ಸಲ ನಿಲ್ಲುವವರೆಗೆ ಟಾಕಿ ತುಂಬಿಸಿ, ಟ್ರಿಪ್ ಮೀಟರನ್ನು, ಅಂದರೆ ಒಂದು ಪಯಣದ ದೂರ ತೋರಿಸುವ ಸಣ್ಣ ಎಣಿಕೆಯನ್ನು, ಸೊನ್ನೆಗೆ ತಂದು, ನಾಲ್ಕು ನೂರು ಕಿಲೋಮೀಟರಿನಷ್ಟು ಓಡಿಸಿದ ಮೇಲೆ ಅದೇ ಪಂಪಿನಲ್ಲಿ ಮತ್ತೆ ನಳಿಗೆ ನಿಲ್ಲುವವರೆಗೆ ತುಂಬಿಸಬೇಕು. 412 ಕಿಲೋಮೀಟರ್ ಓಡಿದ ಗಾಡಿ 21.5 ಲೀಟರ್ ಹಿಡಿಸಿಕೊಂಡರೆ ಆವರೇಜ್ 19.2. ಐದುನೂರು ರೂಪಾಯಿಯ ಪೆಟ್ರೋಲ್ ಹಾಕಿಸಿ, ಮುಳ್ಳು ಕೆಳಗಿಳಿಯುವವರೆಗೆ ಓಡಿಸಿ ಮಾಡುವ ಲೆಕ್ಕ ಇದರಷ್ಟು ನೆಚ್ಚಿಕೆಯದಲ್ಲ. ಟಾಕಿಯೊಳಗಿನ ತೇಲುಗುಂಡು ತೋರಿಸುವ ಮುಳ್ಳು ಅಂದಾಜಿನದು. ಒಂದೇ ಸಲದ ಲೆಕ್ಕವೂ ಸಾಲದು, ನಾಲ್ಕೈದು ಸಲ ಬರೆದಿಟ್ಟು ಸರಾಸರಿ ತೆಗೆದಾಗಲೇ ಆವರೇಜ್ ಎಂಬ ಪದ ಸಾರ್ಥಕವಾಗುತ್ತದೆ.

ಇಲ್ಲಿ ಓದುಗರ ಲಕ್ಷ್ಯಕ್ಕೆ ತರಬೇಕಾದ ಇನ್ನೊಂದು ಸಂಗತಿಯಿದೆ, ಅದು ಕಾರು ಕೊಳ್ಳುವವರ ಮಾತುಕತೆಯಲ್ಲಿ ಬಹುತೇಕ ಬರುವುದೇ ಇಲ್ಲ. ಲೀಟರಿಗೆ ಇಷ್ಟು ಕಿಲೋಮೀಟರ್ ಎಂಬ ಅಳತೆ ಉಳಿತಾಯದ ನಿಜಸ್ವರೂಪವನ್ನು ಮರೆಮಾಡುತ್ತದೆ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಮನೆಯೊಂದು ಲೀಟರಿಗೆ 10 ಕೊಡುವ ಹಳೆಯ ಗಾಡಿ ಬಿಟ್ಟು 15 ಕೊಡುವ ಗಾಡಿಗೆ ಬಂದರೆ 33 ಲೀಟರ್ ಉಳಿಯುತ್ತದೆ. 20 ಕೊಡುವುದನ್ನು ಬಿಟ್ಟು 25 ಕೊಡುವುದಕ್ಕೆ ಬಂದರೆ ಉಳಿಯುವುದು ಹತ್ತೇ ಲೀಟರ್. ಎರಡು ಕಡೆಯೂ ಹೆಚ್ಚಿದ್ದು ಐದೇ ಅಂಕಿ, ಆದರೆ ಉಳಿತಾಯ ಮೂರು ಪಟ್ಟು ಬೇರೆ. ಯುರೋಪಿನ ದೇಶಗಳಲ್ಲಿ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ತಿರುವಿ ಅಳೆಯುವುದರಿಂದ ಈ ಭ್ರಮೆಗೆ ಎಡೆಯಿಲ್ಲ. ಈಗಾಗಲೇ 20ರ ಆಸುಪಾಸು ಕೊಡುವ ಸಣ್ಣ ಕಾರು ಇರುವ ಮನೆಯವರು ಇನ್ನೆರಡು ಮೂರು ಅಂಕಿಯ ಆಸೆಗೆ ಅದನ್ನು ಮಾರಿ ಸಾಲ ಮಾಡಿ ಹೊಸದು ತರುವುದರಲ್ಲಿ ಲೆಕ್ಕ ಕೂಡುವುದಿಲ್ಲ. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಉಳಿಯುವ ಕೆಲವು ನೂರು ರೂಪಾಯಿ ಸಾಲದ ಕಂತಿನ ಮೂಲೆಗೂ ಸಾಲದು.

ಆವರೇಜನ್ನು ತಿನ್ನುವ ಸಂಗತಿಗಳಲ್ಲಿ ಮೊದಲನೆಯದು ನೆಲ. ಎರೆಮಣ್ಣಿನಲ್ಲಿರುವ ಒಂದು ಬಗೆಯ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮೇಲಿನ ರಸ್ತೆಯೂ ಈ ಏರಿಳಿತಕ್ಕೆ ಸಿಕ್ಕು ಅಲೆಯಲೆಯಾಗುತ್ತದೆ, ಅಂಚು ಒಡೆಯುತ್ತದೆ. ಆದ್ದರಿಂದಲೇ ಗಟ್ಟಿ ನೆಲದ ಸೀಮೆಯಲ್ಲಿ ವರ್ಷಗಟ್ಟಲೆ ಬಾಳುವ ಡಾಂಬರು ಇಲ್ಲಿ ಬೇಗ ಕೆಡುತ್ತದೆ. ಗಾಡಿ ಪದೇ ಪದೇ ಎರಡನೆಯ ಗೇರಿಗೆ ಇಳಿದು ಮೂರನೆಯದಕ್ಕೆ ಏರುವಾಗ ಇಂಧನ ಸೋರುತ್ತದೆ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದರಂತೂ ಎರೆಯ ಕೆಸರು ಟೈರಿಗೆ ಮೆತ್ತಿ, ಚಕ್ರದ ಗೂಡಿನೊಳಗೆ ಗಟ್ಟಿಯಾಗಿ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸಬಲ್ಲದು. ವ್ಯಾಗನಾರ್ ಕಾರಿನ ಹೊಟ್ಟೆ ನೆಲದಿಂದ 165 ಮಿಲಿಮೀಟರ್ ಎತ್ತರದಲ್ಲಿದೆ, ಅಂದರೆ ಒಂದು ಗೇಣಿಗಿಂತ ಕಡಿಮೆ. ಐದು ಮಂದಿ ಕುಳಿತಾಗ ಅದೂ ತಗ್ಗುತ್ತದೆ. ಹಳೆಯ ಆಲ್ಟೊದ 12 ಇಂಚಿನ ಚಕ್ರ ಇಳಿದು ಸಿಕ್ಕಿಕೊಳ್ಳುವ ತಗ್ಗನ್ನು 13 ಇಂಚಿನ ಚಕ್ರ ಸವರಿಕೊಂಡು ಹೋಗುತ್ತದೆ ಎಂಬುದೂ ಈ ದಾರಿಗಳಲ್ಲಿ ಕಾಣುವ ವ್ಯತ್ಯಾಸ.

ಒಳ್ಳೆಯ ರಸ್ತೆ ಸಿಕ್ಕಿತೆಂದರೆ ಆವರೇಜ್ ಏರಲೇಬೇಕೆಂಬ ನಿಯಮವೂ ಇಲ್ಲ. ಸೊಲ್ಲಾಪುರ–ವಿಜಯಪುರ ನಡುವಿನ ರಾಷ್ಟ್ರೀಯ ಹೆದ್ದಾರಿ 52 ಚತುಷ್ಪಥವಾಗುತ್ತಿದ್ದಾಗ, 2021ರ ಫೆಬ್ರುವರಿಯಲ್ಲಿ, 25.54 ಕಿಲೋಮೀಟರ್ ಉದ್ದದ ಒಂದು ಪಥದ ಡಾಂಬರೀಕರಣವನ್ನು 18 ಗಂಟೆಗಳಲ್ಲಿ ಮುಗಿಸಿದ್ದು ದೇಶದ ಗಮನ ಸೆಳೆದಿತ್ತು. ಅಂಥ ನುಣುಪಾದ ದಾರಿಯಲ್ಲಿ ಸಣ್ಣ ಕಾರನ್ನು ಗಂಟೆಗೆ 80ರ ವೇಗದಲ್ಲಿ ಓಡಿಸಿದರೆ ಸಿಗುವ ಆವರೇಜ್ 110ರಲ್ಲಿ ಸಿಗುವುದಿಲ್ಲ, ಏಕೆಂದರೆ ಗಾಳಿಯ ಎದುರೊತ್ತು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆದು 110ರ ಹೊತ್ತಿಗೆ ಸುಮಾರು ಎರಡು ಪಟ್ಟಾಗಿರುತ್ತದೆ. ಭಾರದ ಲೆಕ್ಕವೂ ಹೀಗೆಯೇ. ಎಂಟುನೂರು ಚಿಲ್ಲರೆ ಕಿಲೋ ತೂಗುವ ಕಾರಿನಲ್ಲಿ ಐವರು ವಯಸ್ಕರು ಕುಳಿತರೆ ಗಾಡಿಯ ತೂಕದ ಮೂರನೆಯ ಒಂದು ಪಾಲು ಹೆಚ್ಚಿದಂತೆ. ಗಾಣಗಾಪುರಕ್ಕೋ ಪಂಢರಪುರಕ್ಕೋ ಮನೆಮಂದಿ ಹೊರಟಾಗ, ಅಥವಾ ಲಿಂಬೆಯ ಚೀಲಗಳನ್ನು ಡಿಕ್ಕಿಗೆ ಏರಿಸಿದಾಗ, ದೊಡ್ಡ ಕಾರಿಗಿಂತ ಸಣ್ಣ ಕಾರಿನ ಆವರೇಜ್ ಹೆಚ್ಚು ಕುಸಿಯುವುದಕ್ಕೆ ಇದೇ ಕಾರಣ. ಏಪ್ರಿಲ್, ಮೇ ತಿಂಗಳಲ್ಲಿ ತಾಪ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಎಸಿ ಇಲ್ಲದೆ ಕೂರುವುದು ವೃದ್ಧರಿಗೂ ಕೂಸುಗಳಿಗೂ ಅಪಾಯವಾದ್ದರಿಂದ ಅದಕ್ಕೆ ಹೋಗುವ ಇಂಧನವನ್ನು ದಂಡವೆಂದು ಎಣಿಸಬಾರದು.

ಇತ್ತೀಚಿನ ವರ್ಷಗಳಲ್ಲಿ ಆವರೇಜ್ ತಗ್ಗಿಸುವ ಈ ಕಾರಣಗಳೊಡನೆ ಎಥನಾಲ್ ಸೇರಿಕೊಂಡಿದೆ. ಕಬ್ಬಿನ ರಸ, ಕಾಕಂಬಿ, ಮೆಕ್ಕೆಜೋಳ, ಅಕ್ಕಿ ಮುಂತಾದವುಗಳಿಂದ ತಯಾರಾಗುವ ಈ ಮದ್ಯಸಾರವನ್ನು ಶೇಕಡಾ 20ರಷ್ಟು ಬೆರೆಸಿದ ಪೆಟ್ರೋಲಿಗೆ ಇ20 ಎನ್ನುತ್ತಾರೆ. ಒಂದು ಲೀಟರ್ ಎಥನಾಲಿನಲ್ಲಿರುವ ಶಾಖಶಕ್ತಿ ಪೆಟ್ರೋಲಿನದಕ್ಕಿಂತ ಮೂರನೆಯ ಒಂದು ಪಾಲಿನಷ್ಟು ಕಡಿಮೆ. ಎಥನಾಲ್ ಬೆರೆಸದ ಹಳೆಯ ಪೆಟ್ರೋಲಿಗೆಂದು ರೂಪಿಸಿ ಇ10ಕ್ಕೆ, ಅಂದರೆ ಶೇಕಡಾ 10ರ ಬೆರಕೆಗೆ, ಹೊಂದಿಸಿದ ಕಾರುಗಳಲ್ಲಿ ಇ20 ಬಳಸಿದಾಗ ಶೇಕಡಾ 6ರಿಂದ 7ರಷ್ಟು, ಇ10ಕ್ಕೆಂದು ರೂಪಿಸಿ ಇ20ಗೆ ಹೊಂದಿಸಿದ ಕಾರುಗಳಲ್ಲಿ 1ರಿಂದ 2ರಷ್ಟು ಇಂಧನ ದಕ್ಷತೆ ಇಳಿಯಬಹುದೆಂದು 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ಮಾರ್ಗಸೂಚಿಯೇ ಅಂದಾಜು ಮಾಡಿತ್ತು. ಹತ್ತು ವರ್ಷದ ಆಲ್ಟೊ ಇರುವ ರೈತನಿಗೆ ಆವರೇಜ್ 19ರಿಂದ 18ಕ್ಕೆ ಇಳಿದಂತೆ ಕಂಡರೆ ಅದು ಅವನ ಮನಸ್ಸಿನ ಭ್ರಮೆಯಲ್ಲ. ಭೀಮಾ ತೀರದಲ್ಲಿ ಕಬ್ಬು ಬೆಳೆಯುವವನಿಗೆ ಎಥನಾಲಿನಿಂದ ಒಂದು ಕೈಯಲ್ಲಿ ಆದಾಯ, ಇನ್ನೊಂದು ಕೈಯಲ್ಲಿ ಖರ್ಚು. ಬರೀ ಜೋಳ, ತೊಗರಿ ಬೆಳೆಯುವವನಿಗೆ ಖರ್ಚಷ್ಟೇ. ಹಳೆಯ ಗಾಡಿಗಳ ಮಾಲೀಕರಿಗೆ ಈ ವಿಷಯವನ್ನು ಪಂಪಿನಲ್ಲೇ ಸ್ಪಷ್ಟವಾಗಿ ತಿಳಿಸುವ ವ್ಯವಸ್ಥೆ ಇರಬೇಕಿತ್ತು.

ಖಾತ್ರಿಯ ವಿಷಯಕ್ಕೆ ಬಂದರೆ, ಸಣ್ಣ ಕಾರುಗಳ ಗಟ್ಟಿತನಕ್ಕೆ ಎಂಜಿನ್ನಿನ ಸರಳತೆ ಎಷ್ಟು ಕಾರಣವೋ ಅಷ್ಟೇ ಕಾರಣ ಅದನ್ನು ಬಲ್ಲ ಮಿಸ್ತ್ರಿ ಹತ್ತಿರದಲ್ಲೇ ಇರುವುದು. ಲಕ್ಷಗಟ್ಟಲೆ ಮಾರಾಟವಾದ ಕಾರಿನ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಫಿಲ್ಟರುಗಳು ತಾಲ್ಲೂಕು ಪಟ್ಟಣದ ಅಂಗಡಿಯಲ್ಲೇ ಸಿಗುತ್ತವೆ, ಬಿಚ್ಚಿ ಜೋಡಿಸುವ ಕೈಗಳೂ ಅಲ್ಲೇ ಪಳಗಿರುತ್ತವೆ. ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋಗಿಬರಲು ಒಂದು ದಿನದ ಕೆಲಸ ಕೆಡುವ ಊರಿನಲ್ಲಿ ಇದು ದೊಡ್ಡ ಗುಣ. ಹೆಚ್ಚು ಸೌಕರ್ಯವಿರುವ, ಆದರೆ ಬಿಡಿಭಾಗಕ್ಕೆ ಪುಣೆ ಅಥವಾ ಬೆಂಗಳೂರಿನ ದಾರಿ ಕಾಯಬೇಕಾದ ಕಾರನ್ನು ಹಳ್ಳಿಯ ಮಾಲೀಕರು ದೂರವಿಡುವುದು ಅಂಜಿಕೆಯಿಂದಲ್ಲ, ಲೆಕ್ಕದಿಂದ.

ಡೀಸೆಲ್ ಸಣ್ಣ ಕಾರುಗಳ ಕಾಲವನ್ನು ಈ ಸೀಮೆ ಇನ್ನೂ ಮರೆತಿಲ್ಲ. ಇಟಲಿಯ ಫಿಯಟ್ ರೂಪಿಸಿದ 1,248 ಸಿಸಿಯ ಮಲ್ಟಿಜೆಟ್ ಎಂಜಿನ್ ಸ್ವಿಫ್ಟ್, ಡಿಜೈರ್ ಮೊದಲಾಗಿ ಹಲವು ಕಂಪನಿಗಳ ಕಾರುಗಳಲ್ಲಿ ಓಡಿತು. ಬಿಡದಿಯಲ್ಲಿ 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಕಂಪನಿಯಿಂದ 2010ರ ಕೊನೆಗೆ ಎಟಿಯೋಸ್, ಮರುವರ್ಷ ಅದರ ನಾಲ್ಕು ಮೀಟರಿನೊಳಗಿನ ರೂಪವಾದ ಲಿವಾ ಹೊರಬಂದವು. ಅವುಗಳ 1,364 ಸಿಸಿಯ ಡೀಸೆಲ್ ಎಂಜಿನ್ ಬಾಡಿಗೆ ಗಾಡಿಗಳಲ್ಲಿ ಲಕ್ಷಾಂತರ ಕಿಲೋಮೀಟರ್ ಓಡಿ ಹೆಸರು ಗಳಿಸಿತು. 2020ರ ಏಪ್ರಿಲ್ ಒಂದರಿಂದ ಬಿಎಸ್6 ಎಂಬ ಹೊಗೆ ನಿಯಂತ್ರಣದ ಹೊಸ ಮಟ್ಟ ಕಡ್ಡಾಯವಾದಾಗ, ಸಣ್ಣ ಡೀಸೆಲ್ ಎಂಜಿನ್ನಿಗೆ ದುಬಾರಿ ಶುದ್ಧೀಕರಣ ಸಾಧನ ಜೋಡಿಸಿದರೆ ಬೆಲೆ ಹೊಂದುವುದಿಲ್ಲವೆಂದು ಮಾರುತಿ ಡೀಸೆಲನ್ನೇ ಕೈಬಿಟ್ಟಿತು, ಎಟಿಯೋಸ್ ಕೂಡ ಅದೇ ಹೊತ್ತಿಗೆ ನಿಂತಿತು. ಅದಕ್ಕೇ ಇಂದಿಗೂ ಒಳ್ಳೆಯ ಸ್ಥಿತಿಯ ಹಳೆಯ ಡೀಸೆಲ್ ಕಾರಿಗೆ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಬೇಡಿಕೆಯಿದೆ. ಸಿಎನ್‌ಜಿ ಅನಿಲದ ವ್ಯಾಗನಾರ್ ಕಿಲೋಗೆ 34.05 ಕಿಲೋಮೀಟರ್ ಎಂಬ ಅಧಿಕೃತ ಅಂಕಿ ಹೊತ್ತು ಬಂದು ಆ ಜಾಗ ತುಂಬಲು ನೋಡುತ್ತಿದೆಯಾದರೂ, ಸಿಲಿಂಡರ್ ಡಿಕ್ಕಿಯನ್ನೆಲ್ಲ ಆವರಿಸುವುದರಿಂದ ಹೊಲದ ಸಾಮಾನು ಒಯ್ಯುವ ಮನೆಗೆ ಅದು ಒಗ್ಗದು. ಅನಿಲದ ಬಂಕು ಊರಿನಿಂದ ದೂರವಿದ್ದರೆ ಹೋಗಿಬರುವ ದಾರಿಯೇ ಉಳಿತಾಯವನ್ನು ತಿಂದುಬಿಡುತ್ತದೆ.

ದಿನನಿತ್ಯದ ಜೋಪಾನದಲ್ಲಿ ಇಲ್ಲಿಯ ಮಾಲೀಕರನ್ನು ಹೆಚ್ಚು ಕಾಡುವುದು ಧೂಳು ಮತ್ತು ಇಲಿ. ಎಂಜಿನ್ನಿಗೆ ಗಾಳಿ ಸೋಸಿ ಕೊಡುವ ಏರ್ ಫಿಲ್ಟರ್ ಎರೆಯ ಸಣ್ಣ ಧೂಳಿನಿಂದ ಕೈಪಿಡಿ ಹೇಳುವ ಅವಧಿಗೆ ಮೊದಲೇ ಕಟ್ಟಿಕೊಳ್ಳುತ್ತದೆ. ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಎಂಜಿನ್ ಆಯಿಲ್ ಬದಲಿಸಬೇಕೆಂಬ ನಿಯಮದಲ್ಲಿ ‘ಒಂದು ವರ್ಷ’ ಎಂಬ ಭಾಗವನ್ನು ಕಡಿಮೆ ಓಡಿಸುವವರು ಮರೆಯುತ್ತಾರೆ. ಕಣಿಕೆಯ ಬಣವಿ, ಕಾಳಿನ ಚೀಲಗಳ ಪಕ್ಕ ವಾರಗಟ್ಟಲೆ ನಿಂತ ಕಾರಿನ ಬಾನೆಟ್ಟಿನೊಳಗೆ ಇಲಿ ಹೊಕ್ಕು ವೈರು ಕಡಿದರೆ ಹಳೆಯ 800ರಲ್ಲಿ ಮಿಸ್ತ್ರಿ ಟೇಪು ಸುತ್ತಿ ಕಳಿಸುತ್ತಿದ್ದ. ಸಂವೇದಕಗಳು, ಅಂದರೆ ಶಾಖ, ಗಾಳಿ, ಹೊಗೆಗಳ ಸುದ್ದಿಯನ್ನು ಎಂಜಿನ್ನಿನ ಕಂಪ್ಯೂಟರಿಗೆ ಮುಟ್ಟಿಸುವ ಸಾಧನಗಳು, ತುಂಬಿರುವ ಬಿಎಸ್6 ಕಾರಿನಲ್ಲಿ ಅದೇ ತುಂಡು ವೈರು ಗಾಡಿಯನ್ನು ನಿಲ್ಲಿಸಬಲ್ಲದು. ತಾಡಪತ್ರಿ ಹೊದಿಸಿಟ್ಟರೆ ಬಿಸಿಲಿನಿಂದ ಬಣ್ಣ ಉಳಿಯುತ್ತದೆ, ಆದರೆ ಇಲಿಗೆ ಇನ್ನಷ್ಟು ಮರೆಯಾಗುತ್ತದೆ. ಎರಡು ದಿನಕ್ಕೊಮ್ಮೆಯಾದರೂ ಗಾಡಿ ತೆಗೆದು ಓಡಿಸುವುದೇ ಇದಕ್ಕಿರುವ ಒಳ್ಳೆಯ ಉಪಾಯ, ಬ್ಯಾಟರಿಗೂ ಅದು ಹಿತ.

ಹಳ್ಳಿಗೆ ಬರುವ ಕಾರುಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ಪಾಲು ಸಣ್ಣದಲ್ಲ. ಕೆಎ–28 ಎಂಬ ವಿಜಯಪುರದ ಪಾಸಿಂಗ್ ಇರುವ ಗಾಡಿಗಳ ನಡುವೆ ಸೊಲ್ಲಾಪುರದ ಎಂಎಚ್–13, ಪುಣೆಯ ಎಂಎಚ್–12 ಕಾಣುವುದು ಗಡಿಸೀಮೆಯ ಸಹಜ ನೋಟ. ಅಗ್ಗಕ್ಕೆ ಸಿಕ್ಕಿತೆಂದು ತಂದ ಹೊರರಾಜ್ಯದ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಮೂಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿಯ ರಸ್ತೆ ತೆರಿಗೆ ಕಟ್ಟಿ, ಹೊಸ ನೋಂದಣಿ ಮಾಡಿಸಬೇಕು. ಈ ಖರ್ಚು ಕೂಡಿಸಿದಾಗ ಅಗ್ಗವೆನ್ನಿಸಿದ್ದು ಹಲವು ಸಲ ಅಗ್ಗವಾಗಿ ಉಳಿಯುವುದಿಲ್ಲ. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಷ್ಯ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕ ಐದು ಸಾವಿರ ರೂಪಾಯಿಗೆ ಏರಿತು. 2019ರಲ್ಲಿ ಸಾಂಗಲಿ, ಕೊಲ್ಲಾಪುರಗಳನ್ನು ಮುಳುಗಿಸಿದಂಥ ನೆರೆಗಳ ನಂತರ ನೀರಲ್ಲಿ ನಿಂತ ಕಾರುಗಳೂ ತೊಳೆದು ಬಳಿದು ಪೇಟೆಗೆ ಬರಬಹುದಾದ್ದರಿಂದ, ಕಾಲ್ದೆಸೆಯ ಹಾಸು ಎತ್ತಿ ಅಡಿಯಲ್ಲಿ ಸಣ್ಣ ರೇವೆ ಮಣ್ಣು ಇದೆಯೇ, ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ಎಂದು ನೋಡುವುದು ಎತ್ತಿನ ಹಲ್ಲು ಎಣಿಸಿದಷ್ಟೇ ಮುಖ್ಯ.

ಇಷ್ಟು ಹೊತ್ತು ಹೊಗಳಿದ ಹಗುರತನಕ್ಕೆ ಇನ್ನೊಂದು ಮುಖವಿದೆ, ಅದನ್ನು ಆವರೇಜ್ ಮಾತಿನ ಗದ್ದಲದಲ್ಲಿ ಅಡಗಿಸಬಾರದು. ಲಂಡನ್ನಿನ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ಡಿಕ್ಕಿ ಹೊಡೆಸಿ, ಒಳಗಿನ ಬೊಂಬೆಗಳಿಗೆ ಆಗುವ ಪೆಟ್ಟನ್ನು ಅಳೆದು ಐದರ ಲೆಕ್ಕದಲ್ಲಿ ನಕ್ಷತ್ರ ಕೊಡುತ್ತದೆ. 2014ರಲ್ಲಿ ಗಾಳಿಚೀಲವಿಲ್ಲದ ಆಲ್ಟೊ 800ಗೆ ಸಿಕ್ಕಿದ್ದು ಸೊನ್ನೆ. 2023ರಲ್ಲಿ ವಯಸ್ಕರ ರಕ್ಷಣೆಗೆ ಆಲ್ಟೊ ಕೆ10 ಎರಡು, ವ್ಯಾಗನಾರ್ ಒಂದು ನಕ್ಷತ್ರ ಪಡೆದವು, ಮಕ್ಕಳ ರಕ್ಷಣೆಗೆ ಎರಡಕ್ಕೂ ಸೊನ್ನೆ. ಸಣ್ಣ ಕಾರೆಂದರೆ ಹೀಗೆಯೇ ಇರಬೇಕೆಂಬ ವಾದ ನಿಲ್ಲುವುದಿಲ್ಲ, ನಾಲ್ಕು ಮೀಟರಿನೊಳಗಿನ ಡಿಜೈರ್ ಕಾರಿನ 2024ರ ಮಾದರಿ ಇದೇ ಸಂಸ್ಥೆಯಿಂದ ಐದು ನಕ್ಷತ್ರ ಪಡೆದಿದೆ. ಹಳೆಯ ಕಾರು ಕೊಳ್ಳುವವರು ಎರಡು ವರ್ಷಗಳನ್ನು ನೆನಪಿಡಬೇಕು: 2019ರ ಏಪ್ರಿಲ್‌ನಿಂದ ಎಬಿಎಸ್, ಅಂದರೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ, ಅದೇ ಜುಲೈನಿಂದ ಚಾಲಕನ ಕಡೆಯ ಗಾಳಿಚೀಲ ಕಡ್ಡಾಯವಾದವು, 2022 ಶುರುವಾಗುವ ಹೊತ್ತಿಗೆ ಪಕ್ಕದ ಸೀಟಿಗೂ ಗಾಳಿಚೀಲ ಬಂತು. 2025ರಲ್ಲಿ ಆಲ್ಟೊ ಕೆ10 ಮತ್ತು ವ್ಯಾಗನಾರ್‌ಗಳ ಎಲ್ಲ ಮಾದರಿಗಳಿಗೂ ಆರು ಗಾಳಿಚೀಲಗಳು ಬಂದದ್ದು ತಡವಾಗಿಯಾದರೂ ಬಂದ ಒಳ್ಳೆಯ ಸುದ್ದಿ. ಕೊಂಚ ಆವರೇಜ್ ಕಡಿಮೆಯಾದರೂ ಈ ಸೌಲಭ್ಯಗಳಿರುವ ಕಾರನ್ನೇ ಆರಿಸಬೇಕೆಂಬುದು ಚೌಕಾಶಿಗೆ ಎಡೆಯಿಲ್ಲದ ಮಾತು.

ನವೆಂಬರಿನಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾದ ಮೇಲೆ ಈ ರಸ್ತೆಗಳ ರಾತ್ರಿಯೇ ಬೇರೆ. ಕಬ್ಬು ಹೇರಿದ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು ಹಿಂದೆ ದೀಪವಾಗಲೀ ಬೆಳಕು ಮರಳಿಸುವ ಕೆಂಪು ಪಟ್ಟಿಯಾಗಲೀ ಇಲ್ಲದೆ ದಾರಿಯಂಚಿನಲ್ಲಿ ನಿಂತಿರುತ್ತವೆ, ಎದುರು ವಾಹನದ ಬೆಳಕು ಕಣ್ಣಿಗೆ ಹೊಡೆದ ಗಳಿಗೆಯಲ್ಲಿ ಅವು ಕಾಣುವುದೇ ಇಲ್ಲ. ಆಸ್ಪತ್ರೆಗೆಂದು ಸರಿರಾತ್ರಿಯಲ್ಲಿ ಹೊರಟ ಸಣ್ಣ ಕಾರು ಓಡುವುದೂ ಇದೇ ದಾರಿಯಲ್ಲಿ. ಮುಂದಿನ ಸೀಟಿನವರು ದಂಡದ ಅಂಜಿಕೆಗಾದರೂ ಬೆಲ್ಟು ಬಿಗಿದಿರುತ್ತಾರೆ, ಹಿಂದೆ ರೋಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವರ ಬೆಲ್ಟು, ಕಾರು ಕೊಂಡ ದಿನದಿಂದ ಯಾರೂ ಎಳೆಯದೆ, ಸೀಟಿನ ಸಂದಿಯಲ್ಲೇ ಇರುತ್ತದೆ.